ಇಂಗ್ಲೆಂಡಿನ ಹಳೇ ಮಹಲುಗಳಲ್ಲಿ ಈಗಿನ ಕಲಾಕೃತಿಗಳನ್ನು ಇಟ್ಟರೆ ಅಂದ ಕೆಡುವುದಿಲ್ಲವೇ?

ಹಳೇ ಮಹಲನ್ನು ಅದರ ಪಾಡಿಗೆ ಬಿಡದೆ ಆಧುನಿಕ ಶಿಲ್ಪ ತಂದು ಯಾಕೆ ನಿಲ್ಲಿಸುತ್ತಾರೆ, ನೋಡಲು ಹೋಗುವುದು ದಂಡ ಅಲ್ವಾ ಅಂತ ಕೇಳಿದ್ದೀರಿ. ಕೆಲವು ಕಡೆ ಅಂದ ಕೆಡುತ್ತದೆ, ನಿಜ. ಆದರೆ ಆ ಜಾಗವನ್ನು ಚೆನ್ನಾಗಿ ನೋಡಿ, ಅಳೆದು ಇಟ್ಟ ಕೃತಿಯಾದರೆ ಹಳೇ ಮನೆಯೇ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ.

ನನಗೆ ಇದು ಮನದಟ್ಟಾಗಿದ್ದು ನಾರ್ಫೋಕ್‌ನ ಹೌಟನ್ ಹಾಲ್‌ನಲ್ಲಿ. ಬ್ರಿಟನ್ನಿನ ಮೊದಲ ಪ್ರಧಾನಿ ಎನಿಸಿಕೊಂಡ ರಾಬರ್ಟ್ ವಾಲ್ಪೋಲ್ 1720ರ ದಶಕದಲ್ಲಿ ಕಟ್ಟಿಸಲು ಶುರು ಮಾಡಿದ ಮನೆ ಅದು. 2024ರಲ್ಲಿ ಬ್ರಿಟಿಷ್ ಶಿಲ್ಪಿ ಆಂಟನಿ ಗೋರ್ಮ್ಲಿ ಅಲ್ಲಿನ 300 ಎಕರೆ ಪಾರ್ಕಿನಲ್ಲಿ ಬೀಡುಕಬ್ಬಿಣದ 100 ಆಳೆತ್ತರದ ಪ್ರತಿಮೆಗಳನ್ನು ನಿಲ್ಲಿಸಿದ್ದರು. ಒಂದೊಂದೂ 620 ಕಿಲೋ. ಒಬ್ಬ ಎದೆಮಟ್ಟ ಮಣ್ಣಿನಲ್ಲಿ ಹೂತಿದ್ದ, ಮೈಯೆಲ್ಲ ಕೆಮ್ಮಣ್ಣಿನ ಬಣ್ಣದ ತುಕ್ಕು. ಇನ್ನೊಬ್ಬ ಕಾಂಕ್ರೀಟ್ ಕಂಬದ ಮೇಲೆ. ಮತ್ತೊಬ್ಬನದು ನೆತ್ತಿ ಮಾತ್ರ ಹುಲ್ಲಿನಿಂದ ಹೊರಗೆ. ಸುಮ್ನೆ ಮನಸ್ಸಿಗೆ ಬಂದ ಹಾಗೆ ಇಟ್ಟಿದ್ದಾರೆ ಅನಿಸುತ್ತಿತ್ತು. ಸ್ವಲ್ಪ ಹೊತ್ತು ನಡೆದಾಡಿದರೆ ಲೆಕ್ಕ ಗೊತ್ತಾಗುತ್ತಿತ್ತು: ಎಲ್ಲರ ತಲೆಯೂ ಒಂದೇ ಮಟ್ಟದಲ್ಲಿತ್ತು. ನೆಲ ಏರಿದ ಕಡೆ ಹೂತಿದ್ದರು, ಇಳಿದ ಕಡೆ ಕಂಬ ಕೊಟ್ಟಿದ್ದರು. ಕಿಟಕಿಯಿಂದ ನೋಡಿದರೆ ಸಪಾಟಾಗಿ ಕಾಣುವ ಆ ಪಾರ್ಕು ಎಷ್ಟು ಏರುತಗ್ಗಿನದು ಅಂತ ಆಗ ಕಣ್ಣಿಗೆ ಬೀಳುತ್ತಿತ್ತು. ಇದೇ ಪ್ರತಿಮೆಗಳು ಮೊದಲು 2006ರಲ್ಲಿ ಇಟಲಿಯ ಕಲಾಬ್ರಿಯಾದ ಪುರಾತನ ಅವಶೇಷಗಳ ನಡುವೆ ನಿಂತಿದ್ದವು. ಇಲ್ಲಿಯ ನೆಲಕ್ಕೆ ತಕ್ಕಂತೆ ಮತ್ತೆ ಅಳೆದು ನಿಲ್ಲಿಸಿದ್ದು ನನಗೆ ತುಂಬಾ ಹಿಡಿಸಿತು.

ಇನ್ನು ಈ ಮನೆಗಳು ಮೊದಲಿನಿಂದಲೂ ಹೀಗೇ ಇದ್ದವು ಅಂದುಕೊಳ್ಳಬೇಡಿ. ವಾಲ್ಪೋಲ್ ಸಂಗ್ರಹಿಸಿದ್ದ ಚಿತ್ರಗಳನ್ನು ಅವನ ಮೊಮ್ಮಗ 1779ರಲ್ಲಿ ರಷ್ಯಾದ ರಾಣಿ ಕ್ಯಾಥರೀನಳಿಗೆ ಮಾರಿಬಿಟ್ಟ. 2013ರಲ್ಲಿ ಅವುಗಳಲ್ಲಿ ಹಲವು ಕೆಲವು ತಿಂಗಳ ಮಟ್ಟಿಗೆ ಹಳೇ ಗೋಡೆಗಳಿಗೆ ಮರಳಿ ಬಂದಿದ್ದವು. ಒಳಾಂಗಣ ಮಾಡಿದ ವಿಲಿಯಂ ಕೆಂಟ್‌ನ ಕೆಲಸ ಕೂಡ ಆ ಕಾಲಕ್ಕೆ ಹೊಚ್ಚಹೊಸ ಫ್ಯಾಷನ್ನೇ.

ನಿಮ್ಮ ಆತಂಕಕ್ಕೆ ಕಾರಣ ಇಲ್ಲದಿಲ್ಲ. ಚರ್ಚಿಲ್ ಹುಟ್ಟಿದ ಬ್ಲೆನಮ್ ಅರಮನೆಯಲ್ಲಿ 2019ರಲ್ಲಿ ಇಟಲಿಯ ಕಲಾವಿದ ಮೌರಿಟ್ಸಿಯೊ ಕಟೆಲಾನ್‌ನ 18 ಕ್ಯಾರಟ್ ಚಿನ್ನದ ಕಮೋಡನ್ನು ಇಟ್ಟಿದ್ದರು. ಪೈಪು ಜೋಡಿಸಿ, ಬಳಸಬಹುದಾದ ಹಾಗೆ. ಕಳ್ಳರು ರಾತ್ರೋರಾತ್ರಿ ಕಿತ್ತುಕೊಂಡು ಹೋದರು. ನೀರು ನುಗ್ಗಿ ಮನೆಗೂ ಹಾನಿಯಾಯಿತು. ಆ ಕಮೋಡು ಅದಕ್ಕೂ ಮೊದಲು ನ್ಯೂಯಾರ್ಕಿನ ಮ್ಯೂಸಿಯಂನಲ್ಲಿತ್ತು, ಎಲ್ಲಿಟ್ಟರೂ ಅದರ ಅರ್ಥ ಹೆಚ್ಚುಕಡಿಮೆ ಅದೇ, ಈ ಅರಮನೆಯನ್ನು ನೋಡಿ ಮಾಡಿದ್ದಲ್ಲ. ಅಂಥದ್ದಕ್ಕಾಗಿ ಹಳೇ ಮನೆಯನ್ನು ಅಪಾಯಕ್ಕೆ ಒಡ್ಡುವುದು ನನಗೆ ಒಪ್ಪಿಗೆಯಿಲ್ಲ.

ಹೋಗುವುದಾದರೆ ಹೌಟನ್‌ಗೇ ಹೋಗಿ. ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ, ದಿನಾಂಕ ನೋಡಿಕೊಂಡು ಹೊರಡಿ. ಆ ವರ್ಷದ ಪ್ರದರ್ಶನ ಹಿಡಿಸದಿದ್ದರೂ ತೋಟದಲ್ಲಿ ಕಾಯಂ ಕೃತಿಗಳಿವೆ. ಡೆನ್ಮಾರ್ಕಿನ ಕಲಾವಿದ ಯೆಪ್ಪೆ ಹೈನ್ ಮಾಡಿದ ಕಾರಂಜಿಯಲ್ಲಿ ಚಿಮ್ಮುವ ನೀರಿನ ತುದಿಯಲ್ಲೇ ಬೆಂಕಿ ಉರಿಯುತ್ತದೆ. ಕಾಲಿಗೆ ಒಳ್ಳೇ ಶೂ ಹಾಕಿಕೊಳ್ಳಿ, ಜಾಸ್ತಿ ನಡೆಯಬೇಕು.