ಮಿದುಳಿನ ಚಿಪ್, ತೋಡಿನ ನೀರು

ಓದುಗರ ಪತ್ರ:

“ಕಳೆದ ಸಂಚಿಕೆಯಲ್ಲಿ ಮಿದುಳಿಗೆ ಚಿಪ್ ಹಾಕುವ ಲೇಖನ ಓದಿದೆ. ಓದಿದ್ದು ಮೇಣದಬತ್ತಿ ಬೆಳಕಲ್ಲಿ. ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನದಿಂದ ಕರೆಂಟಿಲ್ಲ. ನನ್ನ ತಮ್ಮ ಎರಡು ವರ್ಷದ ಹಿಂದೆ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ. ಮಾತಾಡುತ್ತಾನೆ, ಆದರೆ ಕತ್ತಿನ ಕೆಳಗೆ ಏನೂ ಅಲ್ಲಾಡುವುದಿಲ್ಲ. ಅವನ ಏರ್‌ಬೆಡ್ಡಿನ ಪಂಪ್ ನಿಂತಿದೆ. ಮೈ ಹುಣ್ಣಾಗದಿರಲಿ ಅಂತ ಎರಡು ಗಂಟೆಗೊಮ್ಮೆ ನಾವೇ ಹೊರಳಿಸುತ್ತಿದ್ದೇವೆ. ಆ ಚಿಪ್ ಅವನಿಗೆ ಆಗುತ್ತದಾ? ಆಗದಿದ್ದರೆ ಇದನ್ನೆಲ್ಲ ನಮಗೆ ಯಾಕೆ ಹೇಳುತ್ತೀರಿ?”
— ಕೊಡಗಿನ ನಾಪೋಕ್ಲು ಕಡೆಯ ಒಬ್ಬ ಓದುಗ

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಸಾಲು ಚುಚ್ಚಿತು. ಚುಚ್ಚಬೇಕಾದದ್ದೇ. ನಾವು ಅಮೆರಿಕದ ಕಂಪನಿಗಳ ಬಗ್ಗೆ ಎರಡು ಪುಟ ಬರೆದೆವು. ಏಣಿಯಿಂದ ಬಿದ್ದವರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ನಮ್ಮ ಜಿಲ್ಲೆಯಲ್ಲಿ ಮೆಣಸಿನ ಕೊಯ್ಲು ಅಂದರೆ ಏಣಿ, ಏಣಿ ಅಂದರೆ ಭಯ. ಆ ಲೇಖನ ಅಲ್ಲಿಂದಲೇ ಶುರುವಾಗಬೇಕಿತ್ತು.

ಕೈ ಎತ್ತಬೇಕು ಅಂತ ನಿಮ್ಮ ತಮ್ಮ ಅಂದುಕೊಂಡರೆ ಅವರ ಮಿದುಳು ಈಗಲೂ ಅಪ್ಪಣೆ ಕೊಡುತ್ತದೆ. ಮಳೆಗೆ ಸೇತುವೆ ಕೊಚ್ಚಿಹೋದ ಹಾಗೆ ಕತ್ತಿನ ಹತ್ತಿರ ದಾರಿ ಕಡಿದಿದೆ, ಅಷ್ಟೇ. ಆ ಅಪ್ಪಣೆಯನ್ನು ಮಿದುಳಿನಲ್ಲೇ ಹಿಡಿದು ಕಂಪ್ಯೂಟರಿಗೆ ದಾಟಿಸುವುದು ಈ ಚಿಪ್ಪಿನ ಕೆಲಸ. 2004ರಲ್ಲಿ ಅಮೆರಿಕದ ಬ್ರೈನ್‌ಗೇಟ್ ಎಂಬ ಪ್ರಯೋಗದಲ್ಲಿ ಕತ್ತಿನ ಕೆಳಗೆ ಸ್ವಾಧೀನ ಇಲ್ಲದ ಒಬ್ಬರು ಬರೀ ಯೋಚನೆಯಿಂದ ಪರದೆಯ ಮೇಲೆ ಕರ್ಸರ್ ಓಡಿಸಿದರು. 2012ರಲ್ಲಿ ಬಂದ ವರದಿಯಂತೂ ನಮ್ಮವರಿಗೆ ಹೇಳಿ ಮಾಡಿಸಿದ್ದು. ವರ್ಷಗಟ್ಟಲೆ ಕೈಕಾಲು ಆಡದೆ ಇದ್ದ ಒಬ್ಬ ಹೆಂಗಸು ಯಂತ್ರದ ಕೈಯನ್ನು ಮನಸ್ಸಿನಿಂದಲೇ ನಡೆಸಿ, ಬಾಟಲಿ ಎತ್ತಿ, ಸ್ಟ್ರಾದಲ್ಲಿ ಕುಡಿದರು. ಕುಡಿದದ್ದು ಕಾಫಿ!

ಕೊರೆಯುವುದೇಕೆ, ಮಿದುಳಿನ ಸಂಕೇತ ಹಿಡಿಯುವ ಒಂದು ಟೋಪಿ ತಲೆಗೆ ಹಾಕಿದರೆ ಸಾಲದಾ ಅಂತ ಹಲವರು ಕೇಳುತ್ತಾರೆ. ಮದುವೆ ಮಂಟಪದ ಹೊರಗೆ ನಿಂತರೆ ವಾಲಗ ಕೇಳುತ್ತದೆ. ಒಳಗೆ ಯಾರು ಯಾರ ಕಿವಿಯಲ್ಲಿ ಏನಂದರು ಅನ್ನುವುದು ಕೇಳುವುದಿಲ್ಲ. ಬುರುಡೆಯ ಹೊರಗೆ ನಿಂತು ಮಿದುಳನ್ನು ಕೇಳುವುದೂ ಹಾಗೇ. ಅದಕ್ಕೇ ಬುರುಡೆ ಕೊರೆಯುವುದು. ಅಮೆರಿಕದ ನ್ಯೂರಾಲಿಂಕ್ ಕಂಪನಿ 2024ರ ಜನವರಿಯಲ್ಲಿ ಮೊದಲ ಸಲ ಮನುಷ್ಯನಿಗೆ ಹಾಕಿದ ಚಿಪ್ಪಿನಲ್ಲಿ ಕೂದಲಿಗಿಂತ ಸಪೂರವಾದ 64 ಎಳೆಗಳಿವೆ. ಅವುಗಳಲ್ಲಿ 1,024 ಎಲೆಕ್ಟ್ರೋಡ್, ಅಂದರೆ ಮಿದುಳಿನ ಸಂಕೇತ ಹಿಡಿಯುವ ಬಿಂದುಗಳು. ಕೆಲವೇ ವಾರಗಳಲ್ಲಿ ಕೆಲವು ಎಳೆ ಮಿದುಳಿನಿಂದ ಹಿಂದಕ್ಕೆ ಜಾರಿದವು. ಸಾಫ್ಟ್‌ವೇರ್ ತಿದ್ದಿ ಸುಧಾರಿಸಿಕೊಂಡರು.

ಮಾತು ಹೋದವರ ವಿಷಯದಲ್ಲಿ ಕೆಲಸ ಇನ್ನೂ ಮುಂದೆ ಹೋಗಿದೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2024ರಲ್ಲಿ ಎಎಲ್‌ಎಸ್ ಎಂಬ, ಸ್ನಾಯು ಆಡಿಸುವ ನರಗಳೇ ಸಾಯುವ ಕಾಯಿಲೆಯ ಒಬ್ಬರು ಆಡಲು ಯತ್ನಿಸಿದ ಮಾತನ್ನು ಶೇ 97ರಷ್ಟು ಸರಿಯಾಗಿ ಪರದೆಗೆ ತಂದರು. ಯಂತ್ರ ಮೊದಲು ಹಿಡಿಯುವುದು ಪದವನ್ನಲ್ಲ, ಒಂದೊಂದು ಸದ್ದನ್ನು. ಆಮೇಲೆ ಸದ್ದು ಕೂಡಿಸಿ ಪದ ಮಾಡುತ್ತದೆ. ಕಾಗುಣಿತ ಕಲಿತವರಿಗೆ ಇದು ಹೊಸದೇನಲ್ಲ, ಅಲ್ವಾ?

ಆದರೆ ಇವೆಲ್ಲ ಪ್ರಯೋಗದ ಮಾತು. ಮೈಸೂರಿಗೋ ಮಂಗಳೂರಿಗೋ ಹೋಗಿ ಹಾಕಿಸಿಕೊಂಡು ಬರುವಂಥದ್ದಲ್ಲ. ನಿಮ್ಮ ತಮ್ಮನಿಗೆ ಮಾತಿದೆ. ಹಾಗಾಗಿ ಇವತ್ತಿಗೆ ಮಿದುಳು ಕೊರೆಸುವುದಕ್ಕಿಂತ ಮೊಬೈಲಿನ ಕನ್ನಡ ಧ್ವನಿ ಟೈಪಿಂಗ್ ಮೇಲು. ಮುಖ ಆಡಿಸಿ ಫೋನ್ ನಡೆಸುವ ಸೌಲಭ್ಯವೂ ಆಂಡ್ರಾಯ್ಡ್‌ನಲ್ಲಿದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಯಾರಾದರೂ ‘ಮಿದುಳಿನ ಬೆಲ್ಟ್’ ಅಂತ ಮಾರಲು ಬಂದರೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ. ದುಡ್ಡು ಕೊಡಬೇಡಿ.

ಈಗ ನಿಂತ ಪಂಪಿನ ವಿಷಯ. ನನಗೆ ನಿಮ್ಮ ಪತ್ರದಲ್ಲಿ ಅದೇ ದೊಡ್ಡ ಸಂಗತಿ. ಅಂಥ ಪಂಪ್ ತಿನ್ನುವುದು 10 ವ್ಯಾಟ್ ಆಸುಪಾಸು. ನಮ್ಮ ಮಿದುಳೇ ಸುಮಾರು 20 ವ್ಯಾಟ್ ತಿನ್ನುತ್ತದೆ. ಅಂದರೆ ನಾಲ್ಕು ದಿನ ನಿಮ್ಮನ್ನು ನಿದ್ದೆಗೆಡಿಸಿದ್ದು ಅರ್ಧ ಮಿದುಳಿನಷ್ಟು ಕರೆಂಟ್. 12 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1.2 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಇನ್ವರ್ಟರ್ ತಿನ್ನುವುದನ್ನು ಕಳೆದರೂ ಅದರಿಂದ ಪಂಪನ್ನು ಎರಡು ಮೂರು ದಿನ ನಡೆಸಬಹುದು. ಇನ್ವರ್ಟರ್ ಮಾತ್ರ ಚಿಕ್ಕದು ತಗೊಳ್ಳಿ. ದೊಡ್ಡದು ಸುಮ್ನೆ ಕೂತಾಗಲೂ ಪಂಪಿಗಿಂತ ಹೆಚ್ಚು ತಿನ್ನಬಹುದು.

ಸೋಲಾರ್ ಹಾಕಿಸುವ ಯೋಚನೆ ಇದ್ದರೆ ನನ್ನ ಪೆದ್ದುತನ ಕೇಳಿ. ಮಡಿಕೇರಿಯಲ್ಲಿ ನಮ್ಮ ಕಚೇರಿ ಮಾಡಿನ ಮೇಲೆ ಪ್ಯಾನೆಲ್ ಹಾಕಿಸಿದೆವು. ಮೊದಲ ಸಲ ಕರೆಂಟ್ ಹೋದಾಗ ಹೊರಗೆ ಒಳ್ಳೇ ಬಿಸಿಲಿತ್ತು, ಒಳಗೆ ಕತ್ತಲೆ. ಹಾಕಿದವನಿಗೆ ಫೋನ್ ಮಾಡಿದರೆ “ಸಾರ್, ಅದು ಆನ್‌ಗ್ರಿಡ್, ಹಾಗೇ ಅದು” ಅಂದ. ಲೈನ್ ರಿಪೇರಿಗೆ ಕಂಬ ಹತ್ತಿದವರಿಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದು ಅಂತ, ಊರಿನ ಲೈನಿಗೆ ಜೋಡಿಸಿದ ಆ ಇನ್ವರ್ಟರ್ ತಾನಾಗಿ ಆಫ್ ಆಗುತ್ತದೆ. ನ್ಯಾಯವಾದದ್ದೇ. ದುಡ್ಡು ತಗೊಳ್ಳುವ ಮುಂಚೆ ಹೇಳಬಹುದಿತ್ತು. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಬಿಲ್ ಇಳಿಸಲು ಅದು ಚೆನ್ನ. ಕತ್ತಲೆಗೆ ಬೇಕಾದದ್ದು ಬ್ಯಾಟರಿ ಇರುವ ಹೈಬ್ರಿಡ್. ಹಾಕುವವರ ಹತ್ತಿರ ಆ ಪದ ಬಾಯಿಬಿಟ್ಟು ಕೇಳಿ.

ಅದೂ ಜುಲೈನಲ್ಲಿ ಅರೆಹೊಟ್ಟೆ. ಮೋಡ ಸರಿಯುವುದೇ ಇಲ್ಲವಲ್ಲ. ಆದರೆ ಬಿಸಿಲು ಹೋದ ತಿಂಗಳಲ್ಲೇ ತೋಡು (ಸಣ್ಣ ಹಳ್ಳ) ತುಂಬುತ್ತದೆ. ಸೆಕೆಂಡಿಗೆ 20 ಲೀಟರ್ ನೀರು ಪೈಪಿನಲ್ಲಿ 10 ಮೀಟರ್ ಇಳಿದರೆ ಒಂದು ಪಿಕೋ ಟರ್ಬೈನ್, ಅಂದರೆ ನೀರಿನ ರಭಸಕ್ಕೆ ತಿರುಗಿ ಕರೆಂಟ್ ಕೊಡುವ ಚಿಕ್ಕ ಯಂತ್ರ, ಸುಮಾರು 1 ಕಿಲೋವ್ಯಾಟ್ ಕೊಡುತ್ತದೆ. ಹಗಲು ರಾತ್ರಿ ಓಡುವುದರಿಂದ ದಿನಕ್ಕೆ 24 ಯೂನಿಟ್. ಪೈಪಿನ ಬಾಯಿಗೆ ತರಗೆಲೆ ಸಿಕ್ಕಿಕೊಳ್ಳುತ್ತದೆ, ದಿನಾ ಒಬ್ಬರು ಕೊಡೆ ಹಿಡಿದು ಹೋಗಿ ತೆಗೆಯಬೇಕು. ಅಷ್ಟು ಉಪದ್ರ ಇದೆ.

ನಿಮ್ಮ ತೋಟದಲ್ಲಿ ತೋಡು ಇದ್ದರೆ ಮಳೆ ಬಿಟ್ಟ ಒಂದು ದಿನ ಹೀಗೆ ಮಾಡಿ. ನೀರನ್ನು ಪೈಪಿಗೆ ತಿರುಗಿಸಿ ಕೆಳಗೆ 200 ಲೀಟರಿನ ಡ್ರಮ್ ಇಡಿ. ಎಷ್ಟು ಸೆಕೆಂಡಿಗೆ ತುಂಬಿತು ನೋಡಿ. ಹತ್ತಾದರೆ ಮೇಲಿನ ಲೆಕ್ಕ ಸರಿಹೋಗುತ್ತದೆ. ಆ ಸೆಕೆಂಡು, ನೀರು ಇಳಿಯುವ ಎತ್ತರ, ಅಲ್ಲಿಂದ ಮನೆಗೆ ಎಷ್ಟು ದೂರ, ಇಷ್ಟನ್ನು ಕಾರ್ಡಿನಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಲೆಕ್ಕವನ್ನೇ ಹಾಕೋಣ.