ಚಿಕ್ಕಂದಿನಲ್ಲೇ ಹಾರ್ಟ್ ಆಪರೇಷನ್ ಆಗಿದೆ, ಈಗಲೂ ಚೆಕಪ್ ಬೇಕಾ?

ಪ್ರಶ್ನೆ: ನನಗೀಗ 41. ಹುಟ್ಟುವಾಗಲೇ ಹೃದಯದ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿದ್ದವು. ಮಗುವಾಗಿದ್ದಾಗ ಮಸ್ಟರ್ಡ್ ಆಪರೇಷನ್ ಆಯಿತು. ಈಗ ಆರಾಮಾಗಿದ್ದೇನೆ, ಚೆಕಪ್ ನಿಲ್ಲಿಸಿ ಎಷ್ಟೋ ವರ್ಷವಾಯಿತು. ತೊಂದರೆ ಇಲ್ಲ ಅಲ್ವಾ?

ಉತ್ತರ: ಆರಾಮಾಗಿದ್ದೀರಿ, ಸಂತೋಷ. ಚೆಕಪ್ ಬಿಟ್ಟಿದ್ದು ಮಾತ್ರ ಸರಿಯಲ್ಲ. 1963ರಲ್ಲಿ ಟೊರೊಂಟೊದಲ್ಲಿ ವಿಲಿಯಂ ಮಸ್ಟರ್ಡ್ ಶುರು ಮಾಡಿದ ಈ ಆಪರೇಷನ್ ನಾಳಗಳನ್ನು ಮುಟ್ಟುವುದಿಲ್ಲ, ಹೃದಯದ ಮೇಲಿನ ಕೋಣೆಗಳಲ್ಲೇ ರಕ್ತದ ದಾರಿ ತಿರುಗಿಸುತ್ತದೆ. ಹಾಗಾಗಿ ಶ್ವಾಸಕೋಶಕ್ಕಷ್ಟೇ ರಕ್ತ ಕಳಿಸಬೇಕಿದ್ದ ಬಲಗಡೆಯ ಕೆಳಕೋಣೆ ಇಷ್ಟು ವರ್ಷ ಇಡೀ ಮೈಗೆ ರಕ್ತ ತಳ್ಳುತ್ತಾ ಬಂದಿದೆ. ವಯಸ್ಸಾದಂತೆ ಅದು ದಣಿಯಬಹುದು, ಅದರ ಕವಾಟ ಸೋರಬಹುದು. ಹಳೇ ಹೊಲಿಗೆಯ ಗಾಯದಿಂದ ಬಡಿತದ ಲಯ ತಪ್ಪುವುದೂ ಜಾಸ್ತಿ, ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಹುಟ್ಟಿನಿಂದಲೇ ಇಷ್ಟೇ ಶಕ್ತಿಗೆ ಒಗ್ಗಿಕೊಂಡವರಿಗೆ ಸುಸ್ತಾದರೂ ಅದು ಸುಸ್ತು ಅಂತಲೇ ಅನ್ನಿಸುವುದಿಲ್ಲ, ಕಷ್ಟ ಇರುವುದೇ ಇಲ್ಲಿ.

ಇಂದಿನ ಮಕ್ಕಳಿಗೆ ಸಾಮಾನ್ಯವಾಗಿ ಅದಲುಬದಲಾದ ನಾಳಗಳನ್ನೇ ಸರಿಯಾದ ಜಾಗಕ್ಕೆ ಜೋಡಿಸುತ್ತಾರೆ, ಅವರ ಕತೆ ಬೇರೆ. ಅದನ್ನು ಓದಿ ಸುಮ್ನೆ ಸಮಾಧಾನ ಮಾಡಿಕೊಳ್ಳಬೇಡಿ. ಹುಟ್ಟು ಹೃದಯದೋಷವಿರುವ ದೊಡ್ಡವರನ್ನೇ ನೋಡುವ ಹೃದಯತಜ್ಞರ ಬಳಿ ಹೋಗಿ. ಎಕೋ, ಇಸಿಜಿ ಆಗಲಿ. ಎಂಆರ್‌ಐ ಬೇಕಾ ಎಂದು ಅವರೇ ಹೇಳುತ್ತಾರೆ. ಹಳೇ ಆಪರೇಷನ್ ದಾಖಲೆ ಸಿಕ್ಕರೆ ಒಯ್ಯಿರಿ. ಮಧ್ಯೆ ಎದೆ ಡವಡವ ಹೊಡೆದುಕೊಂಡು ತಲೆಸುತ್ತು ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.