ಸೇನೆಯ ಕೆಲಸ ಖಾಸಗಿಯವರಿಗೆ ಕೊಟ್ಟರೆ ಅಮೆರಿಕಕ್ಕೆ ಖರ್ಚು ಉಳಿಯುತ್ತದೆಯೇ?

ಇಲ್ಲ, ನನ್ನ ಪ್ರಕಾರ ಜಾಸ್ತಿಯೇ ಆಗುತ್ತದೆ. ಇರಾಕ್, ಅಫ್ಘಾನಿಸ್ತಾನದಲ್ಲಿ ಅಡುಗೆ, ಟ್ರಕ್ಕು, ಕಾವಲು ಎಲ್ಲವೂ ಗುತ್ತಿಗೆಗೆ ಹೋಯಿತು. ಅದರಲ್ಲಿ ಕಡಿಮೆಯೆಂದರೂ 3,100 ಕೋಟಿ ಡಾಲರ್ ಪೋಲು ಮತ್ತು ಮೋಸಕ್ಕೆ ಹೋಗಿದೆ ಎಂದು ಅಮೆರಿಕದ ಸಂಸತ್ತೇ ರಚಿಸಿದ ಆಯೋಗ 2011ರಲ್ಲಿ ಅಂದಾಜು ಮಾಡಿತು.

ದುಡ್ಡು ಹೋಗಲಿ, ತಪ್ಪಾದರೆ ಯಾರನ್ನು ಕೇಳಬೇಕು? 2007ರ ಸೆಪ್ಟೆಂಬರ್ 16ರಂದು ಬಾಗ್ದಾದಿನ ನಿಸೂರ್ ಚೌಕದಲ್ಲಿ ಬ್ಲ್ಯಾಕ್‌ವಾಟರ್ ಎಂಬ ಖಾಸಗಿ ಕಂಪನಿಯ ಕಾವಲುಗಾರರು ಟ್ರಾಫಿಕ್‌ನಲ್ಲಿದ್ದ ಕಾರುಗಳತ್ತ ಗುಂಡು ಹಾರಿಸಿದರು. ಅವರನ್ನು ಇಟ್ಟುಕೊಂಡಿದ್ದು ಅಮೆರಿಕದ ವಿದೇಶಾಂಗ ಇಲಾಖೆ, ಸೇನೆಯಲ್ಲ. 17 ನಾಗರಿಕರು ಸತ್ತರು. ಒಬ್ಬ ಹುಡುಗನಿಗೆ ಬರೀ ಒಂಬತ್ತು ವರ್ಷ. ಕಾವಲುಗಾರರಲ್ಲಿ ನಾಲ್ವರು ಅಪರಾಧಿಗಳೆಂದು ತೀರ್ಪು ಬಂದಿದ್ದು 2014ರಲ್ಲಿ. 2020ರಲ್ಲಿ ಅವರಿಗೆಲ್ಲ ಕ್ಷಮಾದಾನವೂ ಸಿಕ್ಕಿತು. ಸತ್ತವರ ಮನೆಯವರಿಗೆ ಹೇಗನಿಸಿರಬೇಕು, ಅಲ್ವಾ?

ಅಡುಗೆ, ಸಾಗಣೆ ಹೊರಗಿನವರೇ ಮಾಡಲಿ, ಲೆಕ್ಕ ಸರಿಯಾಗಿ ಕೊಟ್ಟರೆ ಸಾಕು. ಬಂದೂಕು ಹಿಡಿಯುವ ಕೆಲಸ ಮಾತ್ರ ಗುತ್ತಿಗೆಗೆ ಕೊಡಲೇಬಾರದು.